ಸುಂದರಬಾಯಿಯ ಹೊಲದ ಎರಡು ಚಿತ್ರ

ಹೊಲದ ಕಳೆ-ಕಸ ತೆಗೆಯುವುದರಲ್ಲಿ ಸುಂದರಬಾಯಿಯನ್ನು ಮೀರಿಸುವವರು ಅತನೂರಿನಲ್ಲಿ ಯಾರಿದ್ದರು ಹೇಳಿ! ಕುರ್ಪಿ ಹಿಡಿದು ಸಾಲಿಗೆ ಕೂತಳೆಂದರೆ ಕರಕಿ ಹುಲ್ಲು ಬೇರುಸಮೇತ ಎದ್ದು ಬರಬೇಕು. ಜೊತೆಯವಳು ಹಿಂದೆ ಬಿದ್ದರೆ, ತನ್ನ ಸಾಲು ಮುಗಿಸಿದವಳು ಅವಳ ಸಾಲಿಗೆ ಆ ಕಡೆಯಿಂದ ಕೂತು ಎದುರು ಬರುವುದು ಅಲ್ಲಿಯ ಹೆಂಗಸರ ರೂಢಿ. ಸುಂದರಬಾಯಿ ಯಾವಾಗಲೂ ಮಗಳು ಭಾಗಮ್ಮನಿಗೆ ಹಾಗೆ ಎದುರು ಬರುತ್ತಿದ್ದಳು. ಹುಡುಗಿಗೆ ಮಾತು ಜಾಸ್ತಿ, ಕೈ ನಿಧಾನ.

೧೯೮೯ರ ದೀಪಾವಳಿಗೆ ಮೊದಲು ಭಾಗಮ್ಮ ಕಾಮಾಲೆಯಾಗಿ ತೀರಿಕೊಂಡಳು. ಹೊಲದ ಮೂಲೆಯಲ್ಲೇ ಮಣ್ಣು ಮಾಡಿದರು. ಅವತ್ತಿನಿಂದ ಸುಂದರಬಾಯಿ ಅಳಲೂ ಇಲ್ಲ, ಕುರ್ಪಿ ಮುಟ್ಟಲೂ ಇಲ್ಲ. ಉಣ್ಣು ಅಂದರೆ ಉಂಡಳು, ಮಲಗು ಅಂದರೆ ಮಲಗಿದಳು. ಮರುವರ್ಷ ಮೈದುನ ಅಣ್ಣಾರಾಯ ತೊಗರಿ ಬಿತ್ತಿಕೊಟ್ಟ. ಕಸ ತೊಗರಿಯನ್ನು ನುಂಗಿ ಕೂತಿತು.

“ವೈನಿ, ನಿಮ್ಮ ಕಸದ ಬೀಜ ಎಲ್ಲಾರ ಹೊಲಕ್ಕ ಹಾರಾಕತ್ತಾವ. ಅಮಾಸಿ ಒಳಗ ತೆಗೀದಿದ್ರ ಟ್ರ್ಯಾಕ್ಟರ್ ಬಿಟ್ಟು ಪೂರಾ ಹರಗಿಸಿ ಜೋಳ ಬಿತ್ತತೇನಿ. ಮೂಲಿ ಗೀಲಿ ನೋಡಂಗಿಲ್ಲ,” ಅಂದ.

ಕಟುಕನೇನಲ್ಲ ಅವನು, ಅವನಿಗೂ ಸಾಕಾಗಿತ್ತು. ಆದರೆ ಮೂಲೆಯೆಂದರೆ ಭಾಗಮ್ಮನ ಸಮಾಧಿ. ಸುಂದರಬಾಯಿ “ಹೂಂ” ಅಂದಳು, ಅಷ್ಟೇ.

ಆ ವಾರವೇ ಚಮನಸಾಬ ಎಂಬ ಕೃಷಿ ಅಧಿಕಾರಿ ಜೀಪಿನಲ್ಲಿ ಬಂದರು. ಕೈಯಲ್ಲಿ ಉಪಗ್ರಹ ತೆಗೆದ ಎರಡು ಚಿತ್ರ, ಹೋದ ಶ್ರಾವಣದ್ದೊಂದು, ಈ ಶ್ರಾವಣದ್ದೊಂದು. ಹಸಿರು ಅದರಲ್ಲಿ ಕೆಂಪಾಗಿ ಬೀಳುತ್ತದಂತೆ. ಶ್ರಾವಣದಲ್ಲಿ ತೊಗರಿ ಇನ್ನೂ ಸಣ್ಣದು, ಸುತ್ತಲಿನ ಹೊಲಗಳೆಲ್ಲ ಬರೀ ಮಣ್ಣಿನ ಕಪ್ಪು. ಇವಳದು ಮಾತ್ರ ಈ ವರ್ಷ ಕೆಂಪೋ ಕೆಂಪು. ಅಷ್ಟು ಮೇಲಿನಿಂದ ಕಸ ಗುರುತಿಸಬಹುದೇ ಎಂದು ಅವರ ಪರೀಕ್ಷೆ. ಅದಕ್ಕೆ ಆ ಎರಡು ದಿನ ಹೊಲದಲ್ಲಿ ಏನಿತ್ತೆಂದು ಯಾರಾದರೂ ಖಾತ್ರಿಯಾಗಿ ಹೇಳಬೇಕಿತ್ತು.

“ಈ ವರ್ಷದ್ದು ಪೂರಾ ಕಸಾರಿ,” ಅಂದಳು ಸುಂದರಬಾಯಿ.

“ಹೋದ ವರ್ಷ? ಶ್ರಾವಣದ ಕಡೀ ಸೋಮವಾರ ತೆಗೆದದ್ದು. ಎತ್ತು ಹೂಡಿ ಸಾಲಿನ ನಡುವ ಎಡಿ ಹೊಡೆದು ಕಸ ತೆಗೆದಿದ್ರೇನು?”

“ಸೋಮವಾರ ನಾವು ಎತ್ತು ಹೂಡಂಗಿಲ್ರಿ ಸಾಹೇಬ್ರ, ಬಸವಣ್ಣನ ದಿನ. ಕೈಲೆ ತೆಗೀತಿದ್ವಿ. ನಾ, ನನ್ನ ಮಗಳು. ಎಷ್ಟು ಗಂಟೇಕ ತೆಗೆದದ್ರಿ ಇದು?”

“ಮುಂಜಾನೆ ಹತ್ತೂವರಿ.”

“ಹಂಗಾದ್ರ ಇದರಾಗ ಆಕಿ ಅದಾಳ.”

“ಮನುಷ್ಯಾರು ಕಾಣಂಗಿಲ್ರಿ ಅವ್ವಾ, ಅಷ್ಟು ಮ್ಯಾಲಿಂದ.”

“ಕಾಣದಿದ್ರ ಬಿಡ್ರಿ. ಅಲ್ಲೇ ಇದ್ಲು.”

ಮರುದಿನ ಮುಂಜಾನೆ ಕುರ್ಪಿ ಹಿಡಿದು ಸಮಾಧಿಯ ಪಕ್ಕದ ಸಾಲಿಗೆ ಕೂತಳು. ಮನಸ್ಸು ಕಲ್ಲಾಗಿಯೇ ಇತ್ತು, ಕೈ ಮಾತ್ರ ನಡೆಯಿತು. ಮಧ್ಯಾಹ್ನಕ್ಕೆ ಸಾಲು ಮುಗಿಯಿತು. ರೂಢಿ ಎಲ್ಲಿ ಬಿಡುತ್ತದೆ! ಯೋಚಿಸದೆಯೇ ಪಕ್ಕದ ಸಾಲಿಗೆ ತಿರುಗಿ ಕೂತಳು, ಮಗಳಿಗೆ ಎದುರು ಬರಲು. ಅರ್ಧ ಸಾಲು ಬಂದು ತಲೆಯೆತ್ತಿದರೆ, ಉಳಿದರ್ಧದಲ್ಲಿ ಕಸ ಹಾಗೇ ನಿಂತಿತ್ತು.

“ಎಲ್ಲಿ ಉಳಿದಿಬೇ ಭಾಗೂ?” ಅಂದಳು. ವರ್ಷದ ಅಳು ಒಮ್ಮೆಲೇ ಬಂತು. ಅತ್ತು ಮುಗಿಸಿ, ಆ ಅರ್ಧವನ್ನೂ ತಾನೇ ತೆಗೆದಳು.