ಸೊಪ್ಪಿನಕ್ಕನ ಆಣೆ

ಮೊನ್ನೆ ಬ್ಯಾಂಕಿನಲ್ಲಿ ನನ್ನ ಮುಂದೆ ನಿಂತಿದ್ದ ಮುದುಕಿಯೊಬ್ಬಳು ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತಿದಳು. ಆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಪ್ಪಿನಕ್ಕ ನೆನಪಾದಳು. ನನ್ನ ಸರದಿ ಬಂದಾಗ ಎರಡು ಸಲ ಕರೆಯಬೇಕಾಯಿತಂತೆ...

ಅರವತ್ತರ ದಶಕದ ಕೊನೆಯ ಮಾತು. ಬಿ.ಎ. ಮುಗಿಸಿ ಜಯನಗರದ ಮನೆಯಲ್ಲಿ ಮದುವೆಗೆ ಕಾಯುತ್ತ ಕೂತಿದ್ದೆ. ನಮ್ಮ ಬೀದಿಯ ಹೆಂಗಸರು ಸೇರಿ ಸಾರಾಯಿ ವಿರುದ್ಧ ಒಂದು ಸಂಘ ಕಟ್ಟಿದ್ದರು. ಹತ್ತಿರದ ಹಳ್ಳಿ ಇಟ್ಟಮಡುವಿನ ಸಾರಾಯಿ ಅಂಗಡಿ ಮುಚ್ಚಿಸಲು ಅಲ್ಲಿ ಮನೆಮನೆಗೆ ಹೋಗಿ ಮನವಿಗೆ ಸಹಿ, ಹೆಬ್ಬೆಟ್ಟು ಹಾಕಿಸುವ ಕೆಲಸ ನನಗೆ ಬಿತ್ತು. ರಾಗಿ ಹೊಲದ ಬದುವಿನ ಮೇಲೆ ಚಪ್ಪಲಿ ಕಿತ್ತುಹೋದರೂ ದೇಶೋದ್ಧಾರಕಿಯ ಠೀವಿ ಕಡಿಮೆಯಾಗಿರಲಿಲ್ಲ.

ಒಂದು ಬಾಗಿಲೂ ತೆರೆಯಲಿಲ್ಲ. ಲೇಔಟಿನ ಬ್ರೋಕರುಗಳು ಊರೊಳಗೆ ಸುಳಿದಾಡುತ್ತಿದ್ದ ಕಾಲ. ಏನೋ ಕಾಗದ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲವನ್ನೇ ಬರೆಸಿಕೊಂಡಿದ್ದರು. ಫೈಲು ಹಿಡಿದು ಬಂದವರಿಗೆ ಅಲ್ಲಿ ನಾಯಿ ಛೂ ಬಿಡುತ್ತಿದ್ದರು.

ಕೊನೆಗೆ ದಿನವೂ ನಮ್ಮ ಮನೆಗೆ ಸೊಪ್ಪು ತರುತ್ತಿದ್ದ ಸೊಪ್ಪಿನಕ್ಕನ ಮನೆಗೇ ಹೋದೆ. ಅವಳ ಮೈದುನ ಕುಡಿದು ಬಂದು ಮನೆಯನ್ನು ನರಕ ಮಾಡಿದ್ದ. ಗಂಡ ಕುಡಿಯುತ್ತಿರಲಿಲ್ಲ, ಆದರೆ ತಮ್ಮನ ಮೇಲೆ ಒಂದು ಮಾತು ಬಂದರೂ ಸಹಿಸುತ್ತಿರಲಿಲ್ಲ.

"ನಮ್ಮನೆಯವ್ರಿಗೆ ಗೊತ್ತಾದ್ರೆ, ಚಿಕ್ಕಮ್ಮಾವ್ರೆ?"

"ಯಾರಿಗೂ ಹೇಳ್ಬೇಡಕ್ಕ. ಮಗಳ ಮೇಲೆ ಆಣೆ ಮಾಡು."

ಅಷ್ಟು ದೊಡ್ಡ ಆಣೆ ಯಾಕೆ ಬೇಕಿತ್ತೋ! ಗಂಡನಿಗೆ ಹೇಳಿ ಹಿಂದೆ ಸರಿದಾಳು ಎಂಬ ಭಯ ನನಗೆ. ಇದ್ದೊಬ್ಬ ಮಗಳ ತಲೆ ಮುಟ್ಟಿ ಆಣೆ ಮಾಡಿದಳು, ಹೆಬ್ಬೆಟ್ಟು ಒತ್ತಿದಳು. ಒರೆಸಿಕೊಳ್ಳಲು ನಾನೊಂದು ಚಿಂದಿ ಬಟ್ಟೆಯನ್ನೂ ಒಯ್ದಿರಲಿಲ್ಲ. ಸೆರಗಿಗೆ ಎಷ್ಟು ಉಜ್ಜಿದರೂ ನೇರಳೆ ಬಣ್ಣ ಹೋಗಲಿಲ್ಲ.

ಮಾರನೆಯ ದಿನದಿಂದ ಅವಳು ಬರಲಿಲ್ಲ. ವಾರದ ಮೇಲೆ ಅದೇ ಊರಿನ ಇನ್ನೊಬ್ಬಳು ಬಂದು ಅಮ್ಮನಿಗೆ ಹೇಳಿದಳು. ಅರಿಶಿನ ಕುಂಕುಮಕ್ಕೆಂದು ತವರಿನವರು ಕೊಟ್ಟಿದ್ದ ಅರ್ಧ ಎಕರೆ ಸೊಪ್ಪಿನಕ್ಕನ ಹೆಸರಿನಲ್ಲಿತ್ತು. ಹೆಬ್ಬೆರಳಿನ ಬಣ್ಣ ನೋಡಿದ ಗಂಡ, ಯಾವ ಬ್ರೋಕರಿಗೆ ಕರಾರು ಮಾಡಿಕೊಟ್ಟೆ ಅಂತ ಕೇಳಿದನಂತೆ. ಕೇಳಿದ, ಹೊಡೆದ, ಮತ್ತೆ ಕೇಳಿದ. ಅವಳು ತುಟಿ ಬಿಚ್ಚಲಿಲ್ಲ. ಮಗಳನ್ನು ಇಟ್ಟುಕೊಂಡು ಅವಳನ್ನು ತವರಿಗೆ ಅಟ್ಟಿದ.

ಅಡಿಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಅದು ಯಾವ ಕಾಗದ ಅಂತ ಹೇಳಬಲ್ಲವಳು ನಾನೊಬ್ಬಳೇ. ಆದರೆ ಆ ವಾರವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಊರವರು ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ? ನನಗೆ ನನ್ನದೇ ಚಿಂತೆ.

ಅವರು ಬಂದು ಹೋದ ಮೇಲೆ, ಹೇಳಿಯೇಬಿಡಬೇಕೆಂದು ಇಟ್ಟಮಡುವಿಗೆ ಹೋದೆ. ಅವಳ ಗಂಡ ಜಗಲಿಯ ಮೇಲೆ ಮಗಳಿಗೆ ಜಡೆ ಹಾಕುತ್ತಿದ್ದ. ಬೈತಲೆ ಸೊಟ್ಟಗಿತ್ತು. ನನ್ನನ್ನು ನೋಡಿ ಎದ್ದು ನಿಂತ.

"ಅಮ್ಮಾವ್ರೆ, ನಿಮ್ಮನೆಗೆ ದಿನಾ ಬತ್ತಿದ್ಲಲ್ಲ, ಯಾವ ಕಾಗ್ದಕ್ಕೆ ಒತ್ತಿದ್ಲು ಅಂತ ನಿಮ್ಗೇನಾರ ಹೇಳಿದ್ಲಾ? ಗೊತ್ತಾದ್ರೆ ಸಾಕು, ಇವತ್ತೇ ಹೋಗಿ ಕರ್ಕೊಂಡ್ ಬತ್ತೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಸುಲಭವಾಗಿತ್ತು... ಒಳಗಿನಿಂದ ಅವನ ಕುಡುಕ ತಮ್ಮ ಯಾರದು ಅಂತ ಕೂಗಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನಂಗೇನೂ ಗೊತ್ತಿಲ್ಲ," ಅಂದೆ.

ಆ ಊರಿನ ಆ ಒಂದೇ ಹೆಬ್ಬೆಟ್ಟಿನ ಜೊತೆ ನಮ್ಮ ಬೀದಿಯವರ ಸಹಿಗಳೂ ಸೇರಿ ಮನವಿ ಹೋಯಿತು, ಕೆಲವು ತಿಂಗಳಲ್ಲಿ ಅಂಗಡಿ ಮುಚ್ಚಿತು. ಸಂಘದಲ್ಲಿ ನನಗೆ ಹಾರ ಹಾಕಿದರು, ನಾನೂ ನಾಚಿಕೆಯಿಲ್ಲದೆ ಕುತ್ತಿಗೆ ಒಡ್ಡಿದೆ. ನನ್ನ ಮದುವೆಯೂ ಆಯಿತು. ಸೊಪ್ಪಿನಕ್ಕ ತವರಿನಲ್ಲೇ ತೀರಿಕೊಂಡ ಸುದ್ದಿ ಎಷ್ಟೋ ವರ್ಷಗಳ ಮೇಲೆ ಕಿವಿಗೆ ಬಿತ್ತು. ಕೊನೆಯವರೆಗೂ ಬಾಯಿ ಬಿಡಲಿಲ್ಲವಂತೆ.

ಆ ಮಗಳು ಈಗ ಅರವತ್ತು ದಾಟಿರಬೇಕು. ಹೊಲ ಬರೆದುಕೊಟ್ಟು ಮನೆ ಬಿಟ್ಟ ತಾಯಿ ಎಂದೇ ಅವಳು ಕೇಳಿ ಬೆಳೆದಿರುತ್ತಾಳೆ. ನನ್ನ ಮನೆಯಿಂದ ಇಟ್ಟಮಡುವಿಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ವಿಚಾರಿಸಿದರೆ ಅವಳು ಸಿಕ್ಕೇ ಸಿಗುತ್ತಾಳೆ. ಇವತ್ತಿನವರೆಗೂ ನಾನು ಹೋಗಿಲ್ಲ.