ಪ್ರಸ್ಥಾನ ಇಟ್ಟ ಮೇಲೆ

ಅನಸೂಯಮ್ಮ ಹಟಮಾರಿ ಹೆಂಗಸು. ತಪ್ಪು ಮಾಡುವುದು ಎಲ್ಲರ ಹಣೆಬರಹ. ಮಾಡಿದ ತಪ್ಪನ್ನು ಒಪ್ಪದಿರುವುದು ಅವಳು ತಾನಾಗಿ ಕಲಿತ ವಿದ್ಯೆ. ಐವತ್ತಾರು ವರ್ಷದಲ್ಲಿ ಅವಳ ಬಾಯಿಂದ ‘ನನ್ನದೇ ತಪ್ಪು’ ಎಂಬ ಮಾತು ಬಂದದ್ದನ್ನು ಸುಗಟೂರಿನಲ್ಲಿ ಯಾರೂ ಕೇಳಿಲ್ಲ. ಹಸು ಒದ್ದು ಹಾಲು ಚೆಲ್ಲಿದರೆ ತಪ್ಪು ಹಸುವಿನದು, ಮುದ್ದೆ ಗಂಟಾದರೆ ರಾಗಿಯದು. ಏಳು ವರ್ಷದ ಹಿಂದೆ ಹಿರಿಯ ಮಗಳು ರಂಜಿತ ಇದೇ ಮನೆಯಲ್ಲಿ ಬಾಣಂತಿಯಾಗಿ ಮಲಗಿ ತೀರಿಕೊಂಡಾಗ ತಪ್ಪು ದೇವರದಾಯಿತು. ಹದಿಮೂರನೆಯ ದಿನಕ್ಕೆ ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದಳು.

ಈಗ ಕಿರಿಯ ಮಗಳು ವಾಣಿಶ್ರೀಗೆ ದಿನ ತುಂಬುತ್ತಿತ್ತು. ಅವಳಿರುವುದು ಮಸ್ಕತ್ತಿನಲ್ಲಿ, ಗಂಡ ಮುರಳಿಮೋಹನ್ ಅಲ್ಲಿ ಕಟ್ಟಡ ಕಟ್ಟಿಸುವ ಕಂಪನಿಯೊಂದರಲ್ಲಿ ಮೇಸ್ತ್ರಿಗಳ ಮೇಲಿನ ಸೂಪರ್‌ವೈಸರ್. ಮುರಳಿಗೆ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. ಬಾಣಂತನಕ್ಕೆ ಅನಸೂಯಮ್ಮನೇ ಹೋಗಬೇಕು. ಟಿಕೆಟ್ಟು ಮಂಗಳವಾರಕ್ಕೆ ಸಿಕ್ಕಿತು. ಮಂಗಳವಾರ ಹೆಣ್ಣುಮಗಳು ದೂರದ ಪ್ರಯಾಣಕ್ಕೆ ಹೊಸಿಲು ದಾಟುವಂತಿಲ್ಲ. ಅದಕ್ಕೆ ದಾರಿಯೆಂದರೆ ಪ್ರಸ್ಥಾನ ಇಡುವುದು. ಸೋಮವಾರ ಒಳ್ಳೆಯ ಗಳಿಗೆ ನೋಡಿ, ಒಯ್ಯುವ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಗಂಟು ಹೊರಟರೆ ಆಳೂ ಹೊರಟಂತೆಯೇ. ಆಮೇಲೆ ಅದನ್ನು ಮನೆಗೆ ವಾಪಸು ತರುವಂತಿಲ್ಲ. ಆಳು ಮಾತ್ರ ಮನೆಯಲ್ಲಿ ನೆಂಟರ ಹಾಗೆ ಇದ್ದು, ಮರುದಿನ ಯಾವ ಹೊತ್ತಿಗಾದರೂ ಕಾರು ಹತ್ತಬಹುದು.

ಪುರೋಹಿತರು ಮಸ್ಕತ್ತು ಯಾವ ದಿಕ್ಕೆಂದು ಮೊಬೈಲಿನಲ್ಲಿ ನೋಡಿ, “ಪಡುವಣದ ಮನೆಯಾಗಬೇಕಮ್ಮ” ಎಂದರು. ಊರಿನ ಪಡುವಣ ಅಂಚಿನಲ್ಲಿ ಇರುವುದು ಎರಡೇ ಸೂರು. ಒಂದು ಹಾಲಿನ ಡೇರಿ. ಇನ್ನೊಂದು ಅವಳ ತಮ್ಮ ವೆಂಕಟರಮಣಪ್ಪನ ಮನೆ. ರಂಜಿತಳನ್ನು ಕೊಟ್ಟಿದ್ದು ಈ ತಮ್ಮನಿಗೇ. ಅವಳು ಸತ್ತ ದಿನದಿಂದ ಅವನು ಅಕ್ಕನೊಂದಿಗೆ ಮಾತಾಡಿಲ್ಲ. ಎರಡು ವರ್ಷ ಬಿಟ್ಟು ಸುನಂದಳನ್ನು ಮದುವೆಯಾದ. ರಂಜಿತ ಹೆತ್ತ ಹೆಣ್ಣುಮಗು ಸುನಂದಳನ್ನೇ ಅಮ್ಮ ಎನ್ನುತ್ತದೆ.

“ಡೇರೀಲಿ ಇಟ್ರೆ ಆಗಲ್ವಾ?” ಎಂದಿದ್ದ ಗಂಡ ಆಂಜಿನಪ್ಪ.

“ಡೇರೀಲಿ ಒಲೆ ಹಚ್ತಾರಾ? ಒಲೆ ಇಲ್ದೇ ಇರೋದು ಮನೆ ಹೆಂಗಾಯ್ತದೆ?” ಎಂದು ಅವಳು ಮಾತು ಮುಗಿಸಿದ್ದಳು.

ಸೋಮವಾರ ಏಳೂವರೆಗೆ ರಾಹುಕಾಲ. ಏಳಕ್ಕೇ ಆಂಜಿನಪ್ಪ ಹಾಲಿನ ಕ್ಯಾನು ಕಟ್ಟುವ ಮೊಪೆಡ್ಡಿಗೆ ಸೂಟ್‌ಕೇಸ್ ಬಿಗಿದು ತಳ್ಳಿಕೊಂಡು ನಡೆದ. ಅವಳು ಹಿಂದೆ ನಡೆದಳು. ವೆಂಕಟರಮಣಪ್ಪ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವನು ತಿರುಗಲಿಲ್ಲ. ತೊಳೆದ ಮುಖವನ್ನೇ ಮತ್ತೆ ತೊಳೆದ. ಆಂಜಿನಪ್ಪ ಮೊದಲೇ ಹೇಳಿಟ್ಟಿದ್ದರಿಂದ ಸುನಂದ ಜಗಲಿಗೆ ಬಂದಳು.

“ಬನ್ನಿ ಅಕ್ಕಾ. ಗೋಡೆ ಪಕ್ಕ ಇಡಿ. ನೀರು ತರ್ಲಾ, ಕಾಫಿ ತರ್ಲಾ?”

“ಗಂಟು ಇಟ್ಟ ಮನೇಲಿ ಏನೂ ಬಾಯಿಗೆ ಹಾಕ್ಬಾರ್ದು.”

“ಅಂಗಂತ ಯಾರು ಹೇಳಿದ್ದು?”

“ನಾನು.”

ಅವಳು ಸೂಟ್‌ಕೇಸಿಗೆ ಅರಿಸಿನ ಕುಂಕುಮ ಇಟ್ಟು, ಹಿಂತಿರುಗಿ ನೋಡದೆ ಬಂದಳು. ಅದರೊಳಗೆ ರಾಗಿಹಿಟ್ಟಿತ್ತು, ಹಳೆಯ ಮೆತ್ತನೆ ಸೀರೆಗಳಿದ್ದವು, ಸಾಂಬ್ರಾಣಿಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕೆಜಿ ಬಾಣಂತಿ ಖಾರವಿತ್ತು. ಒಣಶುಂಠಿ, ಮೆಣಸು, ಹಿಪ್ಪಲಿ, ಓಮ ಹುರಿದು ಒಂದು ವಾರ ಅವಳೇ ಕುಟ್ಟಿದ್ದು. ಅವಳ ಅಜ್ಜಿಯ ಅಳತೆ. ಅನ್ನಕ್ಕೆ ಆ ಖಾರ, ತುಪ್ಪ, ಮೇಲೆ ನೀರಿಲ್ಲ. ಹಸಿ ಮೈಗೆ ನೀರು ಸೇರಿದರೆ ಶೀತ ಹತ್ತಿ ಸನ್ನಿಯಾಗುತ್ತದೆ ಎನ್ನುವುದು ಅಜ್ಜಿಯ ಕಾನೂನು. ಹನ್ನೆರಡನೆಯ ದಿನದವರೆಗೆ ಬಾಯಿ ಒದ್ದೆಯಾಗುವಷ್ಟು ಬಿಸಿನೀರು, ಅಷ್ಟೇ.

ಅವಳು ಮನೆಗೆ ಬಂದಾಗ, ಮೊದಲೇ ತಲುಪಿದ್ದ ಆಂಜಿನಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

“ಯಾರಮ್ಮಾ ನೀನು? ನಮ್ಮನೆಯವಳು ಏಳು ಗಂಟೆಗೇ ಹೊರಟೋದ್ಳಲ್ಲ. ಇದು ಅವಳ ದೆವ್ವ ಇರ್ಬೇಕು.”

“ದೆವ್ವ ಅಂತಲೇ ಇಟ್ಕೊ. ದಾರಿ ಬಿಡು.”

“ದೆವ್ವ ಒಲೆ ಮುಟ್ಟಂಗಿಲ್ಲ. ಮೂರು ತಿಂಗ್ಳು ನಾನೇ ತಾನೇ ಬೇಯಿಸ್ಕೊಬೇಕು? ಇವತ್ತೇ ಶುರು. ನೀನು ಕೂತ್ಕೋ, ನೆಂಟ್ರಂಗೆ.”

ಅವಳು ಕೂತಳು. ಆಂಜಿನಪ್ಪ ಮುದ್ದೆ ತೊಳಸಿದ. ಗಂಟು ಗಂಟಾಯಿತು. ಅವಳ ಕೈ ಎರಡು ಸಲ ಮೇಲೆದ್ದು ಮಡಿಲಿಗೇ ಮರಳಿತು. ತಪ್ಪು ಯಾರದೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಟ್ಟಿಯಲ್ಲಿ ಹಸು ಅಂಬಾ ಎಂದಾಗ ಅಭ್ಯಾಸಬಲದಿಂದ ಎದ್ದಳು. ಅಷ್ಟರಲ್ಲಿ ಅವನೇ ಹುಲ್ಲು ಹಾಕಿಯಾಗಿತ್ತು. ಇಡೀ ಮನೆ ಅವಳಿಲ್ಲದೆ ನಡೆಯುವುದನ್ನು ಅವಳ ಕಣ್ಣೆದುರಿಗೇ ಅಭ್ಯಾಸ ಮಾಡಿಕೊಳ್ಳುತ್ತಿತ್ತು. ಸತ್ತವರು ಮನೆಯೊಳಗೆ ನಿಂತು ನೋಡಿದರೆ ಹೀಗೇ ಕಾಣುತ್ತದೇನೋ ಎಂದುಕೊಂಡಳು. ಆ ಯೋಚನೆ ಅವಳಿಗೆ ಹಿಡಿಸಲಿಲ್ಲ.

ಊಟ ಮುಗಿಸಿ ಆಂಜಿನಪ್ಪ ಹಸು ಹೊಡೆದುಕೊಂಡು ಹೋದ. ಅವಳು ಒಬ್ಬಳೇ ಉಳಿದಳು.

ಒಳಕೋಣೆಯ ಅಟ್ಟದ ಮೇಲೆ ಒಂದು ಹಿತ್ತಾಳೆ ಚೊಂಬು ಇದೆ. ರಂಜಿತಳ ಮದುವೆಗೆ ವೆಂಕಟರಮಣಪ್ಪ ಕೋಲಾರದ ಪಾತ್ರೆ ಅಂಗಡಿಯಲ್ಲಿ ಕಂಠದ ಸುತ್ತ ಅವಳ ಹೆಸರು ಕೊರೆಸಿ ತಂದದ್ದು. ಹೆತ್ತ ಆರನೆಯ ದಿನ ರಂಜಿತಳಿಗೆ ಜ್ವರ ಬಂತು. ಕದ್ದು ನೀರು ಕುಡಿದಿದ್ದಾಳೆ, ಅದಕ್ಕೇ ಶೀತ ಎಂದು ಅನಸೂಯಮ್ಮ ತೀರ್ಮಾನಿಸಿ, ಕೈತೊಳೆಯಲು ಮಂಚದ ಪಕ್ಕ ತುಂಬಿಟ್ಟಿದ್ದ ಚೊಂಬನ್ನು ಎತ್ತಿ ಅಟ್ಟದ ಮೇಲೆ ಇಟ್ಟಳು. ಮಗಳು ಅದನ್ನೇ ನೋಡುತ್ತ ಮಲಗಿದ್ದಳು. ಮಧ್ಯಾಹ್ನ “ಅಮ್ಮಾ, ಒಂದು ಲೋಟ” ಎಂದಳು. ಸಂಜೆ “ಅಮ್ಮಾ, ಒಂದು ಗುಟುಕು” ಎಂದಳು. ಆಮೇಲೆ ಮಾತು ಹೊರಡದೆ ಕೈಬಳೆಯಿಂದ ಕಬ್ಬಿಣದ ಮಂಚವನ್ನು ತಟ್ಟತೊಡಗಿದಳು. ಟಣ್. ಟಣ್. ಬೆಳಗಾಗುವಷ್ಟರಲ್ಲಿ ಅದೂ ನಿಂತಿತು. ಓಡಿಬಂದ ವೆಂಕಟರಮಣಪ್ಪ ಅಟ್ಟದ ಮೇಲಿನ ಚೊಂಬನ್ನು ನೋಡಿದ. ಆಂಬುಲೆನ್ಸ್ ಕೋಲಾರ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. “ಹಿಂದಿನ ದಿನವೇ ಕರ್ಕೊಂಡು ಬಂದಿದ್ರೆ...” ಎಂದು ಡಾಕ್ಟರು ಶುರುಮಾಡಿದ ಮಾತನ್ನು ಅವಳು ಮುಗಿಸಲು ಬಿಡಲಿಲ್ಲ.

ಮನೆ ಖಾಲಿಯಾದಾಗೆಲ್ಲ ಆ ಶಬ್ದ ಬರುತ್ತಿತ್ತು. ಇಲಿ ಎಂದಳು. ಆಂಜಿನಪ್ಪ ಬೋನು ಇಟ್ಟ, ಏನೂ ಬೀಳಲಿಲ್ಲ. ಮಂಚವನ್ನು ಗುಜರಿಗೆ ಹಾಕಿದರು. ಮಂಚ ಹೋಯಿತು, ಶಬ್ದ ಹೋಗಲಿಲ್ಲ. “ಇಲಿ ಅಂದ್ರೆ ಇಲಿ. ಪೋನೀಲೇ, ಬಿಡು” ಎಂದು ಅವನು ಸುಮ್ಮನಾದ. ಚೊಂಬನ್ನು ಮಾತ್ರ ಅವಳು ಇಳಿಸಲೂ ಇಲ್ಲ, ಇನ್ನೊಬ್ಬರು ಮುಟ್ಟಲು ಬಿಡಲೂ ಇಲ್ಲ.

ಈ ಮಧ್ಯಾಹ್ನ ಅವಳು ಗೋಡೆಗೆ ಒರಗಿ ಕಾದಳು. ಕಾಯುತ್ತಿದ್ದೇನೆ ಎಂದು ಅವಳಿಗೇ ತಡವಾಗಿ ತಿಳಿಯಿತು. ಒಂದು ಗಂಟೆಯಾಯಿತು, ಎರಡಾಯಿತು. ಶಬ್ದ ಬರಲಿಲ್ಲ. ಮನೆ ಇಷ್ಟು ನಿಶ್ಶಬ್ದವಾಗಿದ್ದುದು ಏಳು ವರ್ಷದಲ್ಲಿ ಇದೇ ಮೊದಲು. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಗಂಟು ಹೊರಟರೆ ಆಳೂ ಹೊರಟಂತೆ. ಹಾಗಾದರೆ ಗಂಟಿನ ಜೊತೆ ಹೊರಟದ್ದು ತಾನೊಬ್ಬಳೇನಾ?

ಮೊಬೈಲು ಬಡಿದುಕೊಂಡಿತು. ವಾಣಿಶ್ರೀ.

“ಅಮ್ಮಾ, ಪಾಸ್‌ಪೋರ್ಟು, ವೀಸಾ ಕಾಗ್ದ ಎಲ್ಲಾ ಕೈಚೀಲದಲ್ಲೇ ಇಟ್ಕೋ. ಸೂಟ್‌ಕೇಸಿಗೆ ಹಾಕ್ಬೇಡ.”

“ನಾಲ್ಕು ಸಲ ಹೇಳಿದೀಯ. ಐದನೇದು ಬೇಡ.”

“ಅಮ್ಮಾ, ಇನ್ನೊಂದು ಮಾತು. ಇಲ್ಲಿ ಡಾಕ್ಟ್ರು ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕು ಅಂತಾರೆ. ಹೆತ್ತ ಮೇಲೂ.”

“ಅವ್ರು ಎಷ್ಟು ಹೆತ್ತಿದಾರಂತೆ?”

“ನಾಲ್ಕು.” ವಾಣಿಶ್ರೀ ನಗಲಿಲ್ಲ. “ನೀನು ಬರೋದು ನಂಗೆ ಬೇಕು ಅಮ್ಮಾ. ಇವ್ರು ಬೇಡ ಅಂದ್ರು, ನಾನೇ ಬೇಕು ಅಂದೆ. ಆದ್ರೆ ನಾನು ನೀರು ಕೇಳಿದ್ರೆ ನೀನು ಕೊಡ್ತೀಯಾ? ಅಷ್ಟು ಹೇಳು. ಇಲ್ಲಾಂದ್ರೆ ಈಗ್ಲೂ ಟಿಕೆಟ್ ಕ್ಯಾನ್ಸಲ್ ಮಾಡ್ಬಹುದು.”

ಅನಸೂಯಮ್ಮ ಉತ್ತರಿಸಲು ಬಾಯಿ ತೆರೆದಳು. ಫೋನಿನೊಳಗೆ ಟಣ್ ಎಂದಿತು.

“ಏನೇ ಅದು?”

“ಯಾವ್ದು?”

“ಆ ಶಬ್ದ.”

“ಓ, ಬಳೆ ಕಣಮ್ಮಾ. ಮಂಚಕ್ಕೆ ತಾಗ್ತು. ಅಮ್ಮಾ? ಹೇಳು, ಕೊಡ್ತೀಯಾ?”

“ನಿನ್ ಮಾತು ಕೇಳಿಸ್ತಿಲ್ಲ. ಇಲ್ಲಿ ಟವರ್ ಸರಿಯಿಲ್ಲ” ಎಂದು ಅನಸೂಯಮ್ಮ ಫೋನ್ ಇಟ್ಟಳು. ಟವರ್ ಸರಿಯಾಗಿಯೇ ಇತ್ತು.

ಬಿಸಿಲು ಹೊಸಿಲಿನಿಂದ ಅಂಗಳಕ್ಕೆ ಇಳಿದ ಮೇಲೆ ಅವಳು ಸ್ಟೂಲು ಎಳೆದು ಅಟ್ಟಕ್ಕೆ ಕೈ ಚಾಚಿದಳು. ಚೊಂಬಿನ ಮೈತುಂಬ ದೂಳು. ಅಂದು ತುಂಬಿಟ್ಟ ನೀರನ್ನು ಯಾರೂ ಚೆಲ್ಲಿರಲಿಲ್ಲ, ಯಾರೂ ಕುಡಿದಿರಲಿಲ್ಲ. ಅದು ತಾನಾಗಿ ಆರಿತ್ತು. ಬೋರ್‌ವೆಲ್ಲಿನ ಗಡಸು ನೀರು. ಆರುತ್ತ ಆರುತ್ತ ಕಂಠದಿಂದ ತಳದವರೆಗೆ ಒಳಗೆಲ್ಲ ಬಿಳಿಯ ಉಂಗುರಗಳನ್ನು ಬಿಟ್ಟು ಹೋಗಿತ್ತು. ದಿನಕ್ಕೆ ಒಂದೊಂದು ಗುಟುಕಿನಂತೆ ಯಾರೋ ಕುಡಿದು ಮುಗಿಸಿದ ಹಾಗಿತ್ತು. ಅವಳು ಉಗುರಿನಿಂದ ಕೆರೆದಳು. ಏಳಲಿಲ್ಲ. ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಹೊರಗೆಲ್ಲ ಹೊಳೆಯಿತು, ಒಳಗಿನ ಉಂಗುರಗಳು ಹಾಗೇ ಉಳಿದವು.

ಹೊರಟ ಗಂಟು ಮನೆಗೆ ಬರುವಂತಿಲ್ಲ. ಚೊಂಬನ್ನು ಸೆರಗಿನೊಳಗೆ ಹಿಡಿದು ಅವಳೇ ಪಡುವಣದ ಮನೆಗೆ ನಡೆದಳು.

ಜಗಲಿಯ ಮೇಲೆ ಸೂಟ್‌ಕೇಸ್ ಇಟ್ಟಲ್ಲಿ ಇರಲಿಲ್ಲ. ರೇಷ್ಮೆಗೂಡು ತೂಗುವ ತಕ್ಕಡಿಯ ಮೇಲಿತ್ತು. ಪಕ್ಕದಲ್ಲಿ ವೆಂಕಟರಮಣಪ್ಪ ಕೂತಿದ್ದ. ಸುನಂದ ಹೇಳಿದಳು: “ವಾಣಿ ಇವ್ರಿಗೂ ಫೋನ್ ಮಾಡಿದ್ಲು ಅಕ್ಕಾ. ವಿಮಾನದಲ್ಲಿ ಮೂವತ್ತು ಕೆಜಿ ಮೇಲೆ ಬಿಡಲ್ವಂತೆ. ಇವ್ರು ತೂಗಿದ್ರು, ಸರಿಯಾಗಿ ಮೂವತ್ತು. ಇನ್ನೊಂದು ನಿಂಬೆಹಣ್ಣೂ ಹಿಡಿಯಲ್ಲ.”

ಅನಸೂಯಮ್ಮ ಸೆರಗು ಸರಿಸಿ ಚೊಂಬನ್ನು ಸೂಟ್‌ಕೇಸಿನ ಮೇಲಿಟ್ಟಳು. ತಕ್ಕಡಿಯ ಅಂಕಿ ಓಡಿ ಮೂವತ್ತೂ ಮುಕ್ಕಾಲಿಗೆ ನಿಂತಿತು.

ಕಂಠದ ಮೇಲಿನ ಹೆಸರನ್ನು ವೆಂಕಟರಮಣಪ್ಪ ಓದಬೇಕಾಗಿರಲಿಲ್ಲ. ಬಗ್ಗಿ ಒಳಗೆ ನೋಡಿದ. ಏಳು ವರ್ಷದ ಮೇಲೆ ಅಕ್ಕನ ಜೊತೆ ಬಾಯಿ ಬಿಟ್ಟ.

“ಇದ್ಯಾಕೆ ಅಲ್ಲಿಗೆ? ಅಲ್ಲೂ ಅಟ್ಟ ಇದ್ಯಾ?”

ಸುನಂದ ಗಂಡನ ತೋಳು ಹಿಡಿದಳು. “ಸುಮ್ನಿರಿ. ಅಕ್ಕಾ, ಚೊಂಬು ಅಲ್ಲೂ ಸಿಗ್ತದೆ. ಇದನ್ನ ಇಲ್ಲೇ ಬಿಡಿ, ನಾನು ಜೋಪಾನ ಮಾಡ್ತೀನಿ.”

ಅನಸೂಯಮ್ಮ ಚೊಂಬನ್ನು ಎತ್ತಿ ಪಕ್ಕಕ್ಕಿಟ್ಟು, ಕೂತು ಜಿಪ್ ಎಳೆದಳು. ಸೀರೆಗಳ ನಡುವೆ ಕೈ ತೂರಿಸಿ, ಬಿಳಿ ಬಟ್ಟೆಯಲ್ಲಿ ಮೂರು ಸುತ್ತು ಕಟ್ಟಿದ್ದ ಬಾಣಂತಿ ಖಾರದ ಗಂಟನ್ನು ಹೊರತೆಗೆದು ಜಗಲಿಯ ಮೇಲೆ ಇಟ್ಟಳು. ಚೊಂಬನ್ನು ಎಲ್ಲ ಬಟ್ಟೆಗಳ ಮೇಲೆ, ಮುಚ್ಚಳ ತೆರೆದ ಕೂಡಲೇ ಕೈಗೆ ಸಿಗುವ ಹಾಗೆ ಇಟ್ಟು, ಜಿಪ್ ಮುಚ್ಚಿದಳು.