ಹಿತ್ತಲ ಮಡಿಯಲ್ಲಿ ಸಿಕ್ಕ ಒರಳು

ವಸಂತ ಋತುವಿಗೆ ಪಂಚಾಂಗದಲ್ಲಿ ಎರಡು ತಿಂಗಳಿದ್ದರೂ ನಮ್ಮ ಹೊಸಪೇಟೆಯಲ್ಲಿ ಅದರ ಆಯುಷ್ಯ ಸ್ವೆಟರ್ ಒಳಗಿಟ್ಟು ಫ್ಯಾನ್ ಹಾಕುವಷ್ಟು ಹೊತ್ತು ಮಾತ್ರ. ಆ ಸಂಧಿಕಾಲದಲ್ಲೇ ಮಣ್ಣು ಹದಮಾಡಿ ಬೀಜ ಹಾಕಬೇಕು. ತಡವಾದರೆ ಸಸಿ ತಲೆಯೆತ್ತುವ ಮೊದಲೇ ಬಿಸಿಲಿಗೆ ಬಲಿ. ಇದೆಲ್ಲ ಮೊಬೈಲ್ ವಿಡಿಯೊಗಳಿಂದ ನನಗೆ ಪ್ರಾಪ್ತವಾದ ಜ್ಞಾನ. ಕೃಷಿಯಲ್ಲಿ ನನ್ನ ಈವರೆಗಿನ ಸಾಧನೆಯೆಂದರೆ ಕುಂಡದ ತುಳಸಿಗೆ ಅತಿಯಾಗಿ ನೀರೆರೆದು ಮೋಕ್ಷ ಕರುಣಿಸಿದ್ದು.

ಆದರೂ ಒಂದು ಭಾನುವಾರ ಗುದ್ದಲಿ ಹಿಡಿದು ಹಿತ್ತಲಿಗಿಳಿದೆ. ಮೆಂತ್ಯ, ಪುಂಡಿಪಲ್ಯ, ಬೆಂಡೆಗೆ ಮಡಿ ಮಾಡುವುದು ನನ್ನ ಸಂಕಲ್ಪ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ ನಡೆಸುವುದು ಅಮ್ಮನದು. ಬೆವರು ಬರುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಹಂಪಿಗೆ ಇಷ್ಟು ಸಮೀಪದಲ್ಲಿರುವವರಿಗೆ ನೆಲದಲ್ಲಿ ಸಿಕ್ಕಿದ್ದು ಬರೀ ಕಲ್ಲೆಂದು ನಂಬುವುದು ಕಷ್ಟ. ನನ್ನ ಕಲ್ಪನೆಯಲ್ಲಿ ಆಗಲೇ ಮಂಟಪವೆದ್ದು, ಸುತ್ತ ಬೇಲಿ ಬಿದ್ದು, ನನ್ನ ಹಿತ್ತಲಿಗೆ ನಾನೇ ಟಿಕೆಟ್ ತೆಗೆದುಕೊಂಡು ಬರುವ ಪ್ರಸಂಗ ಒದಗಿತ್ತು. ಮಣ್ಣು ಸರಿಸಿದರೆ, ಸಾಮ್ರಾಜ್ಯವಲ್ಲ, ಒರಳುಕಲ್ಲು.

ಅಮ್ಮ ಎದ್ದು ಬಂದಳು. ಒರಳಿನ ಕುಳಿಯೊಳಗೆ ಕೈಯಾಡಿಸಿ, ಅಂಚಿನ ಮುಕ್ಕನ್ನು ಮುಟ್ಟಿ ನೋಡಿ ಗುರುತು ಹಿಡಿದಳು. ಬುಕ್ಕಸಾಗರದ ತವರಿನಿಂದ ಅವಳೊಂದಿಗೆ ಚಕ್ಕಡಿಯಲ್ಲಿ ಬಂದ ಒರಳು ಅದು. ಮನೆಗೆ ಮಿಕ್ಸಿ ಬಂದ ವರ್ಷ ಕಾಣೆಯಾಗಿತ್ತು. ಅಪ್ಪ ಅದನ್ನು ಕಂಪ್ಲಿಯ ತನ್ನ ತಂಗಿ ಸುಮಂಗಳತ್ತೆಗೆ ಗುಟ್ಟಾಗಿ ಸಾಗಿಸಿದನೆಂದು ಅಮ್ಮನ ತೀರ್ಮಾನ. ಅತ್ತೆ ಅಲ್ಲವೆಂದಳು, ಅಪ್ಪನಂತೂ ಅಲ್ಲವೆನ್ನುತ್ತಲೇ ತೀರಿಕೊಂಡ. ಹಿತ್ತಲು ಎತ್ತರಿಸಲು ಆ ವರ್ಷ ಟ್ರ್ಯಾಕ್ಟರಿನಲ್ಲಿ ಮಣ್ಣು ಸುರಿಸಿದ್ದು ಯಾರಿಗೂ ನೆನಪಾಗಿರಲಿಲ್ಲ. ಅಂದಿನಿಂದ ಅತ್ತಿಗೆ ನಾದಿನಿಯರ ನಡುವೆ, ಮದುವೆಮನೆಗಳಲ್ಲಿ ಎದುರಾದಾಗಲೂ, ಊಟವಾಯಿತೇ ಎಂಬುದಕ್ಕಿಂತ ಉದ್ದದ ಮಾತು ನಡೆದಿರಲಿಲ್ಲ.

"ಸುಮಂಗಳಾಗ ಫೋನ್ ಹಚ್ಚು," ಎಂದಳು ಅಮ್ಮ.

ಮಣ್ಣುಗೈಯಲ್ಲೇ ಹಚ್ಚಿ, ಸ್ಪೀಕರ್ ಹಾಕಿ ಹಿಡಿದೆ.

"ಒಳ್ಳು ಸಿಕ್ತವ್ವ. ನಮ್ಮ ಹಿತ್ತಲದಾಗ ಇತ್ತು."

ಆ ಕಡೆ ಬಸ್ಸಿನ ಹಾರ್ನಿನ ನಡುವೆ ಅತ್ತೆಯ ದನಿ ಕೇಳಿಸಿತು. "ನಾ ಆವತ್ತೇ ಹೇಳಿದ್ನಲ್ಲ, ಅತ್ತಿಗಿ."

"ಹೇಳಿದ್ದಿ. ನಾನೇ ಕೇಳಲಿಲ್ಲ. ನಾಳೆ ಬಾ, ಬೀಜ ಹಾಕೋದೈತಿ."

ಮರುದಿನ ಅತ್ತೆ ಬೆಳಗಿನ ಬಸ್ಸಿಗೇ ಬಂದಿಳಿದಳು. ಚಹಾ ಕೂಡ ಕುಡಿಯದೆ ನೇರ ಹಿತ್ತಲಿಗೆ ಹೋಗಿ, ತನ್ನ ಮೇಲಿನ ಆರೋಪದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬೇಕಿದ್ದರೆ ಈಗ ಒಯ್ಯಿ ಎಂದಳು ಅಮ್ಮ.

"ನನಗ್ಯಾಕ? ನಮ್ಮನ್ಯಾಗ ಗ್ರೈಂಡರ್ ಐತಿ."

ಇಬ್ಬರೂ ನಕ್ಕರು. ನಗುತ್ತಲೇ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಧ್ಯಾಹ್ನದವರೆಗೂ ಅವರು ಮಡಿಯ ಆಚೆ ಈಚೆ ಕುಳಿತು ಮೆಂತ್ಯ ಚೆಲ್ಲಿದರು. ಯಾರ ಮದುವೆಯಲ್ಲಿ ಯಾರು ಯಾರನ್ನು ಮಾತಾಡಿಸಲಿಲ್ಲ ಎಂಬ ವಿಚಾರಣೆ ಜೊತೆಜೊತೆಗೇ ಸಾಗಿತ್ತು. ಬೀಜವನ್ನು ತೆಳ್ಳಗೆ, ಸಮನಾಗಿ ಉದುರಿಸಬೇಕೆಂಬ ನನ್ನ ವಿಡಿಯೊ ಪಾಂಡಿತ್ಯವನ್ನು ಇಬ್ಬರೂ ಒಮ್ಮತದಿಂದ ತಿರಸ್ಕರಿಸಿದರು.

ಈಗ ಮೆಂತ್ಯ ಮೊಳೆತಿದೆ. ಕೆಲವೆಡೆ ತೆಳ್ಳಗೆ, ಮಾತು ಬಿಸಿಯೇರಿದ್ದ ಕಡೆಯಲ್ಲೆಲ್ಲ ಕಾಲಿಡಲು ಜಾಗವಿಲ್ಲದಷ್ಟು ದಟ್ಟವಾಗಿ.